ಕುರಿಂಜಿಯ ಹೆಸರು ಹಿಡಿದು

ಎರಡು ಸಾವಿರ ವರ್ಷಗಳ ಹಿಂದೆ ತಮಿಳು ಕವಿಗಳು ತಮ್ಮ ನಾಡನ್ನು ಐದು ತಿಣೈಗಳಾಗಿ ಹಂಚಿಕೊಂಡರು. ಕಾಡುಸೀಮೆ ಮುಲ್ಲೈ, ಗದ್ದೆಬಯಲು ಮರುದಂ, ಕಡಲ ಕರೆ ನೆಯ್ದಲ್, ಬೆಂಗಾಡು ಪಾಲೈ, ಬೆಟ್ಟ ಕುರಿಂಜಿ. ಒಂದಕ್ಕೂ ಅರಸನ ಹೆಸರಿಲ್ಲ, ದೇವರ ಹೆಸರಿಲ್ಲ. ಐದೂ ಗಿಡಮರಗಳ ಹೆಸರೇ. ಇವುಗಳಲ್ಲಿ ಮುಲ್ಲೆ ಪ್ರತಿ ವರ್ಷ ಅರಳುತ್ತದೆ, ನೈದಿಲೆಯಂತೂ ನೀರಿದ್ದ ಕಡೆಯೆಲ್ಲ ಸಿಗುತ್ತದೆ. ಆದರೆ ಬೆಟ್ಟಕ್ಕೆ ಅವರು ಆರಿಸಿದ ಹೂವು ಹನ್ನೆರಡು ವರ್ಷಕ್ಕೊಮ್ಮೆ ಮಾತ್ರ ಕಾಣಿಸಿಕೊಳ್ಳುವಂಥದ್ದು. ಹನ್ನೊಂದು ವರ್ಷ ಕಣ್ಣಿಗೇ ಬೀಳದ ಹೂವಿನ ಹೆಸರಿನಿಂದ ದಿನವೂ ಕಣ್ಣೆದುರು ನಿಲ್ಲುವ ಬೆಟ್ಟವನ್ನು ಕರೆದ ಆ ಜನ ಎಂಥವರಿರಬೇಕು! ಈ ಯೋಚನೆ ತಲೆಗೆ ಹೊಕ್ಕ ಮೇಲೆ ನನಗೆ ಆ ಹೂವನ್ನು ನೋಡಿದರಷ್ಟೇ ಸಾಲದು, ಅದರ ಹೆಸರು ಎಲ್ಲೆಲ್ಲಿ ಬೇರು ಬಿಟ್ಟಿದೆಯೋ ಆ ದಾರಿಯಲ್ಲೇ ಹೋಗಿ ನೋಡಬೇಕು ಅನ್ನಿಸಿತು. 2018 ಅರಳುವ ವರ್ಷ. ಆಗಸ್ಟಿನಲ್ಲಿ ಕೇರಳ ಮುಳುಗಿತ್ತು. ನೆರೆ ಇಳಿದ ಮೇಲೆ, ಸೆಪ್ಟೆಂಬರಿನಲ್ಲಿ ಹೊರಟೆ.

ಹೂವು ನೋಡಲು ನೇರ ಕೇರಳದ ಮುನ್ನಾರಿಗೆ ಹೋಗಬಹುದಿತ್ತು. ನಾನು ಮೊದಲು ಚಾಮರಾಜನಗರದಲ್ಲಿ ಇಳಿದೆ, ಅದಕ್ಕೊಂದು ಕಾರಣವಿದೆ. ಊರಿನ ಹಳೆಯ ಹೆಸರು ಅರಿಕುಠಾರ. ಅಲ್ಲಿನ ಪಾರ್ಶ್ವನಾಥ ಬಸದಿಯ 1117ರ ಶಾಸನ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನ ಪರಾಕ್ರಮವನ್ನು ಹೊಗಳುತ್ತದೆ. ಅವನು ಬೆಟ್ಟದ ಬುಡಕಟ್ಟಿನ ತೋದರನ್ನು ಬೆದರಿಸಿದ, ನೀಲಗಿರಿಯನ್ನು ಹಿಡಿದ ಎಂಬ ಸಂಗತಿ ಅದರಲ್ಲಿದೆ. ನೀಲಗಿರಿಯ ತೋದರ ಬಗ್ಗೆ ನಮಗೆ ಸಿಗುವ ಅತಿ ಹಳೆಯ ಲಿಖಿತ ಉಲ್ಲೇಖ ಇದೇ. ಎಂದರೆ ಒಂಬೈನೂರು ವರ್ಷಗಳ ಹಿಂದೆಯೇ, ಕಲ್ಲಿನ ಮೇಲೆ, ನಮ್ಮವರು ಆ ಬೆಟ್ಟಕ್ಕೆ ನೀಲಿ ಎಂದಿದ್ದರು. ಆ ನೀಲಿ ಕುರಿಂಜಿಯ ನೀಲಿ ಎಂದು ಬೆಟ್ಟದ ಜನ ಹೇಳುತ್ತಾರೆ. ದೂರದಿಂದ ಕಾಣುವ ಮಬ್ಬಿನ ನೀಲಿ ಎನ್ನುವವರೂ ಇದ್ದಾರೆ. ಬಸದಿಯ ಮುಂದೆ ನಿಂತು ನನ್ನ ಮನಸ್ಸು ಹೂವಿನ ಕಡೆಗೇ ವಾಲಿತು. ಮಬ್ಬು ಎಲ್ಲ ಬೆಟ್ಟಕ್ಕೂ ಕವಿಯುತ್ತದೆ. ಬೆಟ್ಟಕ್ಕೆ ಬೆಟ್ಟವೇ ನೀಲಿಯಾಗುವ ವರ್ಷವೊಂದನ್ನು ಕಂಡವನು ಅದನ್ನು ಮರೆಯುವುದುಂಟೆ?

ಬಂಡೀಪುರ, ಮುದುಮಲೆ ದಾಟಿ ಗೂಡಲೂರಿನ ಘಾಟಿ ಹತ್ತಿದ ಬಸ್ಸು ಊಟಿ ತಲುಪಿತು. ದಾರಿಯುದ್ದಕ್ಕೂ ನಾನು ನೀಲಿ ಹುಡುಕುತ್ತಿದ್ದೆ. ಕಂಡದ್ದು ಚಹಾ, ನೀಲಗಿರಿ ಮರ, ವ್ಯಾಟಲ್ ಮರ. ಒಂದು ಕಾಲಕ್ಕೆ ಇವೆಲ್ಲ ಹುಲ್ಲುಗಾವಲು, ಮಡಿಲುಮಡಿಲಲ್ಲಿ ಶೋಲಾ ಕಾಡು. ಕುರಿಂಜಿ ಬೆಳೆಯುವುದು ಆ ಹುಲ್ಲುಗಾವಲಿನಲ್ಲೇ. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಳಿಯರು ಬಂದು ಊಟಿ ಕಟ್ಟಿದ ಮೇಲೆ ಹುಲ್ಲುಗಾವಲು ಅವರ ಕಣ್ಣಿಗೆ ಬರಿಯ ಖಾಲಿ ಜಾಗವಾಗಿ ಕಂಡಿತು. ಆಸ್ಟ್ರೇಲಿಯಾದ ಮರಗಳನ್ನು ತಂದು ತುಂಬಿದರು. ನಮ್ಮ ಕನ್ನಡದಲ್ಲಿ ಆ ಯೂಕಲಿಪ್ಟಸ್‌ಗೆ ‘ನೀಲಗಿರಿ’ ಎಂದೇ ಹೆಸರು ಬಿದ್ದಿರುವುದನ್ನು ನೆನೆದು ನನಗೆ ಬಹಳ ಸಂಕಟವಾಯಿತು. ಬೆಟ್ಟದ ನೀಲಿಯನ್ನು ಅಳಿಸಿದ ಮರಕ್ಕೇ ಆ ಬೆಟ್ಟದ ಹೆಸರನ್ನು ನಾವು ಕೊಟ್ಟುಬಿಟ್ಟಿದ್ದೇವೆ.

ಊಟಿಯ ಹೊರಗೊಂದು ಬಡಗರ ಹಟ್ಟಿ. ಊರಿಗೆ ಹಟ್ಟಿ ಎನ್ನುವುದು ಅಲ್ಲಿಯೂ ನಮ್ಮ ಹಾಗೆಯೇ. ಬಡಗರೆಂದರೆ ಬಡಗಣದಿಂದ, ಎಂದರೆ ಮೈಸೂರು ಸೀಮೆಯಿಂದ, ಬೆಟ್ಟ ಹತ್ತಿ ಬಂದವರು. ಅವರ ಮಾತು ಕನ್ನಡಕ್ಕೆ ಒಡಹುಟ್ಟು. ಸಾಲುಮನೆಗಳ ಮುಂದೆ ಬಿಸಿಲು ಕಾಯಿಸುತ್ತ ಕೂತಿದ್ದ ಒಬ್ಬ ಅಜ್ಜಿಯ ಹತ್ತಿರ ಕೂತೆ. ಬಿಳಿ ಬಟ್ಟೆ, ಬಿಳಿ ತಲೆವಸ್ತ್ರ. ಅವರು ತಮ್ಮ ಮಾತಿನಲ್ಲಿ, ನಾನು ನನ್ನ ಮಾತಿನಲ್ಲಿ. ಅರ್ಧ ತಿಳಿಯಿತು, ಉಳಿದರ್ಧವನ್ನು ಅವರ ಕೈ ಹೇಳಿತು. ಚಿಕ್ಕಂದಿನಲ್ಲಿ ಹೂವಿನ ವರ್ಷ ಬಂದರೆ ಎದುರಿನ ಗುಡ್ಡ ಪೂರಾ ಹೂವಾಗುತ್ತಿತ್ತಂತೆ. ಈಗ ಆ ಗುಡ್ಡದಲ್ಲಿ ಚಹಾ ಇದೆ. “ಈ ಗುಡ್ಡವೇನಾ, ಅಜ್ಜಿ?” ಎಂದೆ. ಅವರು ಬೆರಳನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಎಳೆದರು. ಕಣ್ಣಿಗೆ ಕಾಣುವ ಬೆಟ್ಟಗಳೆಲ್ಲ ಆ ಬೆರಳಿನಡಿ ಬಂದವು.

ಅಲ್ಲಿಂದ ಕೊಯಮತ್ತೂರು ಬಯಲು ದಾಟಿ, ಪಳನಿಯಿಂದ ಕೊಡೈಕನಾಲ್ ಘಾಟಿ. ಇದು ಹೆಸರಿನ ತವರು. ಆ ಹಳೆಯ ತಮಿಳು ಕವಿಗಳ, ಎಂದರೆ ಸಂಗಂ ಕವಿಗಳ ಲೆಕ್ಕದಲ್ಲಿ ಕುರಿಂಜಿ ಎಂದರೆ ಒಂದು ಹೂವು ಮಾತ್ರವಲ್ಲ. ಬೆಟ್ಟ, ಜಲಪಾತ, ನವಣೆಯ ಹೊಲ, ನವಿಲು, ಚಳಿಗಾಲ, ನಡುರಾತ್ರಿ, ಬೆಟ್ಟದ ಕುರವರು, ಅವರ ದೇವರು ಮುರುಗ, ಪ್ರೇಮಿಗಳು ಕದ್ದು ಕೂಡುವ ಗಳಿಗೆ, ಇಷ್ಟೂ ಕುರಿಂಜಿ. ಕವಿ ಕುರಿಂಜಿ ಎಂದೊಡನೆ ಕೇಳುವವನಿಗೆ ಹೊತ್ತು ಯಾವುದು, ಋತು ಯಾವುದು, ಎದೆಯೊಳಗಿನ ಭಾವ ಯಾವುದು ಎಂಬುದೆಲ್ಲ ತಿಳಿದುಬಿಡುತ್ತಿತ್ತು. ಕಪಿಲರ್ ಎಂಬ ಕವಿ ಈ ತಿಣೈಯ ಹೆಸರಿನಲ್ಲೇ ‘ಕುರಿಂಜಿಪ್ಪಾಟ್ಟು’ ಬರೆದ. ಆರ್ಯ ಅರಸ ಬೃಹದತ್ತನಿಗೆ ತಮಿಳಿನ ಸೊಗಸು ತಿಳಿಸಲು ಬರೆದದ್ದೆಂದು ಪ್ರತೀತಿ. ಅದರಲ್ಲಿ ಹುಡುಗಿಯರು ಬಿಡಿಸಿ ತಂದು ಬಂಡೆಯ ಮೇಲೆ ಹರಡುವ ತೊಂಬತ್ತೊಂಬತ್ತು ಹೂವುಗಳ ಹೆಸರು ಸಾಲಾಗಿ ಬರುತ್ತದೆ. ‘ಕುರುಂದೊಗೈ’ ಸಂಕಲನದ ಮೂರನೆಯ ಪದ್ಯದಲ್ಲಿ ಕುರಿಂಜಿಯ ಕರಿಯ ದಂಟೂ ಅದರ ಜೇನೂ ಇವೆ. ದಂಟಿನ ಬಣ್ಣವನ್ನು ಗಮನಿಸಿ ಬರೆದ ಕವಿ ಆ ಗಿಡದ ಬಳಿ ಬಗ್ಗಿ ನೋಡಿದವನೇ ಇರಬೇಕು.

ಈ ಪದ್ಯಗಳನ್ನು ಜಗತ್ತಿಗೆ ಮುಟ್ಟಿಸಿದವರಲ್ಲಿ ನಮ್ಮವರೇ ಒಬ್ಬರಿದ್ದಾರೆ ಎನ್ನುವುದು ನನಗೆ ಹೆಮ್ಮೆ. ಮೈಸೂರಿನಲ್ಲಿ ಹುಟ್ಟಿದ ಕನ್ನಡ ಕವಿ ಎ. ಕೆ. ರಾಮಾನುಜನ್ 1962ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ತಮಿಳಿನ ವ್ಯಾಕರಣ ಹುಡುಕುತ್ತಿದ್ದಾಗ ಸಂಗಂ ಪದ್ಯಗಳು ಅವರ ಕೈಗೆ ಸಿಕ್ಕವು. 1967ರಲ್ಲಿ ಅವರ ಇಂಗ್ಲಿಷ್ ಅನುವಾದ ‘ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್’ ಬಂತು. ಬೆಟ್ಟದ ಹೂವಿನ ಹೆಸರು ಹಿಮ ಬೀಳುವ ಊರಿನ ಪುಸ್ತಕದ ಕಪಾಟಿನಲ್ಲಿ ಕನ್ನಡಿಗನೊಬ್ಬನ ದಾರಿ ಕಾದಿತ್ತು.

ಹೆಸರು ಸಂಗೀತಕ್ಕೂ ಹೋಯಿತು. ಕರ್ನಾಟಕ ಸಂಗೀತದಲ್ಲಿ ಕುರಿಂಜಿ ಎಂಬ ರಾಗವೇ ಇದೆ, ಶಂಕರಾಭರಣದ ಜನ್ಯ. ಲಾಲಿಗೆ, ಜೋಗುಳಕ್ಕೆ ಒದಗುವ ರಾಗ. ಅದಕ್ಕೂ ಹಿಂದೆ ತಮಿಳರ ಹಳೆಯ ರಾಗಗಳಾದ ಪಣ್ಣುಗಳಲ್ಲಿ ಕುರಿಂಜಿಯ ಹೆಸರಿತ್ತು. ಆ ರಾಗದಲ್ಲಿ ಮಗುವನ್ನು ಮಲಗಿಸಿದ ಎಷ್ಟು ತಾಯಂದಿರು ಆ ಹೂವನ್ನು ಕಂಡಿದ್ದರೋ!

ಕೊಡೈ ಬಸ್ ನಿಲ್ದಾಣದಿಂದ ಮೂರು ಕಿಲೋಮೀಟರಿನಷ್ಟು ಹೋದರೆ ಕುರಿಂಜಿ ಆಂಡವರ್ ದೇವಸ್ಥಾನ. ದೇವರು ಮುರುಗ. ಅವನು ಬೇಡರ ಹುಡುಗಿ ವಳ್ಳಿಯನ್ನು ಮದುವೆಯಾದಾಗ ಕೊರಳಲ್ಲಿದ್ದದ್ದು ಕುರಿಂಜಿಯ ಹಾರ ಎನ್ನುವುದು ನಂಬಿಕೆ. ದೇವಸ್ಥಾನವನ್ನು 1936ರಲ್ಲಿ ಕಟ್ಟಿಸಿದವರು ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಒಬ್ಬ ಹೆಂಗಸು ಎಂದು ತಿಳಿದಾಗ ನಾನು ಬೆರಗಾದೆ. ಅವರು ಹಿಂದೂ ಧರ್ಮಕ್ಕೆ ಬಂದು, ಸಿಲೋನಿನ ಪೊನ್ನಂಬಲಂ ರಾಮನಾಥನ್ ಅವರನ್ನು ಮದುವೆಯಾಗಿ, ಲೀಲಾವತಿ ಎಂದು ಹೆಸರು ಪಡೆದವರು. ಎಲ್ಲಿಂದಲೋ ಬಂದು ಹೊಸ ಹೆಸರು ಪಡೆದ ಹೆಂಗಸು, ಈ ಬೆಟ್ಟದ ಅತಿ ಹಳೆಯ ಹೆಸರನ್ನು ದೇವರಿಗೆ ಕೊಟ್ಟರು. ಅಂಗಳದಿಂದ ಕೆಳಗೆ ಪಳನಿಯ ಗುಡ್ಡ, ದೂರದಲ್ಲಿ ವೈಗೈ ಅಣೆಕಟ್ಟೆಯ ನೀರು ಕಾಣುತ್ತದೆ ಎಂದರು. ಆ ಬೆಳಿಗ್ಗೆ ಮೋಡವಿತ್ತು, ನನಗೆ ಅವೆರಡೂ ಕಾಣಲಿಲ್ಲ. ಕಂಡದ್ದು ಅದಕ್ಕಿಂತ ದೊಡ್ಡದು.

ದಾರಿಯ ಬದಿಯ ದರೆಯಲ್ಲಿ, ಮೊಣಕಾಲೆತ್ತರದ ಪೊದೆಯೊಂದು ಹೂ ಬಿಟ್ಟು ನಿಂತಿತ್ತು. ಓಡುವ ಹಾಗೆ ಹೋದೆ. ಬಗ್ಗಿ ಕೂತೆ. ಎಲೆ ಒರಟು, ಅಂಚಿನಲ್ಲಿ ಸಣ್ಣ ಹಲ್ಲು. ದಂಟು ಕರಿದೇ! ಎರಡು ಸಾವಿರ ವರ್ಷದ ಹಿಂದಿನ ಕವಿ ಸುಳ್ಳು ಹೇಳಿಲ್ಲ. ರೆಂಬೆಯ ತುದಿಗಳಲ್ಲಿ ಹಸಿರು ಹೊದಿಕೆಗಳು ಒಂದರ ಮೇಲೊಂದು ಮುಚ್ಚಿಕೊಂಡ ತೆನೆ. ಒಂದೊಂದು ಹೊದಿಕೆಯೊಳಗಿಂದ ಒಂದೊಂದು ಗಂಟೆಯಾಕಾರದ ಹೂವು, ಬೆರಳಿನ ಎರಡು ಗಿಣ್ಣಿಗಿಂತ ಉದ್ದವಿಲ್ಲ. ಈ ದಿನ ಅರಳಿದ್ದು ತಿಳಿನೀಲಿ. ನಿನ್ನೆಯದು, ಮೊನ್ನೆಯದು ನೇರಳೆಗೆ ತಿರುಗಿತ್ತು. ಒಂದೇ ತೆನೆಯಲ್ಲಿ ಎರಡೂ ಬಣ್ಣ ಇರುವುದರಿಂದಲೇ ದೂರದಿಂದ ನೋಡುವಾಗ ಆ ನೀಲಿಗೆ ಹೆಸರಿಡಲು ಆಗುವುದಿಲ್ಲ. ಗಂಟಲೊಳಗೆ ಇಣುಕಿದೆ. ಒಳಗೋಡೆಯಲ್ಲಿ ಎರಡು ಸಾಲು ನವಿರಾದ ಕೂದಲು, ಶಲಾಕೆಯನ್ನು ನಡುವೆ ಹಿಡಿದು ನಿಲ್ಲಿಸಿದ್ದವು. ನಾನು ಮುಖ ತೆಗೆಯುವುದರೊಳಗೆ ತುಡುವೆ ಜೇನೊಂದು ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಅದೇ ಗಂಟಲಿಗೆ ಇಳಿಯಿತು. ಬೆನ್ನಿಗೆ ಪರಾಗ ಮೆತ್ತಿಕೊಂಡು ಹಿಂದೆ ಹಿಂದೆ ಸರಿದು ಹೊರಬಂತು. ಪರಿಮಳ ಹುಡುಕಿದೆ, ಇಲ್ಲವೆನ್ನುವಷ್ಟು ಕಡಿಮೆ. ಜೇನಿಗೆ ಬೇಕಾದದ್ದು ಒಳಗಿರುವಾಗ ಪರಿಮಳದ ಹಂಗೇಕೆ?

ನಮ್ಮ ಹೆಣ್ಣುಮಕ್ಕಳು ಮುಡಿಯುವ ಕನಕಾಂಬರ, ಹಿತ್ತಲಿನ ಗೋರಂಟೆ, ಕೆಮ್ಮಿಗೆ ಕಷಾಯ ಮಾಡುವ ಆಡುಸೋಗೆ, ಇವೆಲ್ಲ ಕುರಿಂಜಿಯ ದಾಯಾದಿಗಳು, ಒಂದೇ ಕುಟುಂಬ. ಅದು ಗೊತ್ತಾದ ಮೇಲೆ ಹೂವಿನ ಮುಖದಲ್ಲಿ ಪರಿಚಯದ ಕಳೆ ಕಾಣತೊಡಗಿತು. ಸಸ್ಯಶಾಸ್ತ್ರಿಗಳು ಇಟ್ಟಿರುವ ಹೆಸರು ಸ್ಟ್ರೊಬಿಲಾಂತಸ್ ಕುಂತಿಯಾನ. ಕೊಡೈಯ ಚಹಾದಂಗಡಿಯಲ್ಲಿ ಪಕ್ಕ ಕೂತಿದ್ದ ಪಾಲಕ್ಕಾಡಿನ ಮೇಷ್ಟ್ರೊಬ್ಬರು, ಅದು ಸೈಲೆಂಟ್ ವ್ಯಾಲಿಯ ಕುಂತಿ ನದಿಯಿಂದ ಬಂದ ಹೆಸರು ಎಂದು ಬಹಳ ಪ್ರೀತಿಯಿಂದ ಹೇಳಿದರು. ಅನೇಕ ಕಡೆ ಹಾಗೆ ಬರೆದಿರುವುದೂ ಉಂಟು. ಆದರೆ ಹೆಸರಿಟ್ಟ ಜರ್ಮನ್ ವಿದ್ವಾಂಸ ನೀಸ್ ಫಾನ್ ಎಸೆನ್‌ಬೆಕ್ ತನ್ನ ಸಮಕಾಲೀನ ಕಾರ್ಲ್ ಕುಂತ್‌ನನ್ನು ನೆನೆದವನು. ಅನ್ವೇಷಕ ಹಂಬೋಲ್ಟ್ ಅಮೆರಿಕದಿಂದ ಹೊತ್ತು ತಂದ ಸಸ್ಯಗಳನ್ನು ಪ್ಯಾರಿಸಿನಲ್ಲಿ ಕೂತು ವಿಂಗಡಿಸಿದವನು ಆ ಕುಂತ್. ಆದರೂ ಆ ಹೆಸರಿನಲ್ಲಿ ಪಾಂಡವರ ತಾಯಿಯನ್ನೂ ತಮ್ಮ ನದಿಯನ್ನೂ ಕೇಳಿಸಿಕೊಂಡ ಮಲಯಾಳಿಗಳನ್ನು ನಾನು ಮೆಚ್ಚುತ್ತೇನೆ. ಹೊರಗಿನಿಂದ ಬಂದ ಹೆಸರನ್ನು ಹಾಗೆ ಮನೆಗೆ ಕರೆದುಕೊಳ್ಳುವುದು ಪ್ರೀತಿಯಿಲ್ಲದೆ ಆಗುವ ಕೆಲಸವಲ್ಲ.

ಅದೇ ಅಂಗಡಿಯ ಅಮ್ಮ, ನಾನು ಕುರಿಂಜಿ ನೋಡಲು ಬಂದವನೆಂದು ತಿಳಿದು, ಒಳಗಿನಿಂದ ಹಸುಗೂಸನ್ನು ಎತ್ತಿಕೊಂಡು ಬಂದು ತೋರಿಸಿದರು. ಮೊಮ್ಮಗಳು, ಈ ಆಷಾಢದಲ್ಲಿ ಹುಟ್ಟಿದ್ದು. ಹೆಸರು ಕೇಳಿದೆ. “ಬೇರೆ ಏನು ಇಡಲಿ ತಂಬಿ, ಕುರಿಂಜಿ!” ಎಂದರು. ಬೆಟ್ಟ, ಕಾವ್ಯ, ರಾಗ, ದೇವರು ಎಲ್ಲವನ್ನೂ ಸುತ್ತಿ ಬಂದ ಹೆಸರು ಆ ಮಗುವಿನ ಮುಚ್ಚಿದ ಮುಷ್ಟಿಯಲ್ಲಿತ್ತು.

ಪಳನಿ ಬೆಟ್ಟಗಳ ಪಳಿಯರು ತಮ್ಮ ವಯಸ್ಸನ್ನು ಕುರಿಂಜಿಯಿಂದ ಎಣಿಸುತ್ತಿದ್ದರು ಎಂದು ಹೇಳುತ್ತಾರೆ. ಎಷ್ಟು ಸಲ ಹೂವು ಕಂಡೆ ಎನ್ನುವುದೇ ಆಯುಸ್ಸಿನ ಲೆಕ್ಕ. ಗಿಡದ ಕಡೆಯಿಂದ ನೋಡಿದರೆ ಈ ಲೆಕ್ಕ ಇನ್ನೂ ವಿಸ್ಮಯದ್ದು. ಕುರಿಂಜಿ ಬಾಳಿನಲ್ಲಿ ಒಂದೇ ಸಲ ಹೂ ಬಿಟ್ಟು, ಬೀಜ ಕಟ್ಟಿ, ಸಾಯುತ್ತದೆ. ಒಂದು ಗಿಡವಲ್ಲ, ಆ ಬೆಟ್ಟದ ಸಾಲಿನ ಲಕ್ಷಾಂತರ ಗಿಡ ಒಟ್ಟಿಗೆ. ಮುಂದಿನ ಮಳೆಗೆ ಬೀಜ ಮೊಳೆಯುತ್ತದೆ, ಮಕ್ಕಳೆಲ್ಲ ಒಂದೇ ಪ್ರಾಯದವು, ಹನ್ನೆರಡು ವರ್ಷ ಒಟ್ಟಿಗೆ ಬೆಳೆದು ಒಟ್ಟಿಗೆ ಅರಳುತ್ತವೆ. ಹೀಗೇಕೆ? ವಿಜ್ಞಾನಿಗಳು ಕೊಡುವ ಒಂದು ವಿವರಣೆ ನನಗೆ ಹಿಡಿಸಿತು. ವರ್ಷವರ್ಷ ಸ್ವಲ್ಪ ಸ್ವಲ್ಪ ಬೀಜ ಬಿಟ್ಟರೆ ಹಕ್ಕಿ, ಇಲಿ, ಹುಳ ಎಲ್ಲ ಸೇರಿ ತಿಂದು ಮುಗಿಸುತ್ತವೆ. ಹನ್ನೊಂದು ವರ್ಷ ಏನೂ ಕೊಡದೆ ಇದ್ದು ಒಮ್ಮೆಲೇ ಸುರಿದುಬಿಟ್ಟರೆ ತಿನ್ನುವವರು ತಿಂದು ತಿಂದು ಸುಸ್ತಾಗುತ್ತಾರೆ, ಉಳಿದದ್ದು ಮೊಳೆಯುತ್ತದೆ. 1838ರಿಂದ ಈ ಹೂವಿನ ವರ್ಷಗಳು ದಾಖಲಾಗಿವೆ. ಅಲ್ಲಿಂದ ಹನ್ನೆರಡರ ಮಗ್ಗಿ ಹೇಳುತ್ತ ಬಂದರೆ 1970, 1982, 1994, 2006, 2018. ಗಿಡಕ್ಕೆ ಪಂಚಾಂಗ ಯಾರು ಓದಿ ಹೇಳುತ್ತಾರೋ!

ಎಲ್ಲ ಕುರಿಂಜಿಯೂ ಹನ್ನೆರಡರದ್ದಲ್ಲ. ಈ ಕುಲದಲ್ಲಿ ನೂರಾರು ಜಾತಿ. ಮಹಾರಾಷ್ಟ್ರದ ಸಹ್ಯಾದ್ರಿಯ ಕಾರ್ವಿ ಎಂಟು ವರ್ಷಕ್ಕೊಮ್ಮೆ ಅರಳುತ್ತದೆ, ಅದರ ದಂಟು ಹೆಣೆದು ಮಣ್ಣು ಮೆತ್ತಿ ಗುಡಿಸಲ ಗೋಡೆ ಮಾಡುತ್ತಾರೆ. ನಮ್ಮ ಕೊಡಗಿನ, ಬಾಬಾಬುಡನ್‌ಗಿರಿಯ ಗುಡ್ಡಗಳಲ್ಲಿ ಅರಳುವುದೂ ಇದರ ಬಂಧುಗಳೇ. ಗುರಿಗೆ ಎಂಬ ಹೆಸರು ನಮ್ಮಲ್ಲಿದೆ, ಆದರೆ ಈಗ ನಮ್ಮ ಪತ್ರಿಕೆಗಳೂ ನೀಲಕುರಿಂಜಿ ಎಂದೇ ಬರೆಯುತ್ತವೆ. ಗುರಿಗೆ ಎನ್ನುವ ಮಾತು ಬಾಯಿಂದ ಬಾಯಿಗೆ ಉಳಿಯಲಿ ಎಂದು ನನ್ನಾಸೆ.

ಕೊಡೈಯಿಂದ ಇಳಿದು ಉಡುಮಲೈ ಮೂಲಕ ಚಿನ್ನಾರ್ ಕಾಡಿಗೆ ಬಂದಾಗ ಬಿಸಿಲು ಸುಡುತ್ತಿತ್ತು. ಮಳೆನೆರಳಿನ ಕಾಡು, ಮುಳ್ಳುಪೊದೆ, ಕೆಂಪು ಮಣ್ಣು. ಅಷ್ಟು ಹತ್ತಿರದಲ್ಲೇ ಬೆಟ್ಟಗಳು ನೆರೆಯಲ್ಲಿ ತೊಯ್ದಿದ್ದವು ಎಂದರೆ ನಂಬುವುದು ಕಷ್ಟ. ಮರಯೂರಿನಲ್ಲಿ ಬೇಲಿಯ ಹಿಂದೆ ಗಂಧದ ಮರಗಳು ತಾವಾಗಿ ಬೆಳೆದು ನಿಂತಿವೆ. ಗಂಧದ ನಾಡಿನವನು ಅಷ್ಟು ಗಂಧದ ಮರವನ್ನು ಒಟ್ಟಿಗೆ ನೋಡಿದ್ದು ಅಲ್ಲಿಯೇ. ಆಲೆಮನೆಯ ಬಿಸಿ ಬೆಲ್ಲದುಂಡೆ ಕೊಂಡು ಮುಂದೆ ಹೊರಟೆ. ಮುನ್ನಾರಿನ ಕಡೆಯಿಂದ ಬರುವ ದಾರಿಯಲ್ಲಿ ಪೆರಿಯವಾರೈ ಸೇತುವೆ ಆಗಸ್ಟಿನ ನೆರೆಗೆ ಕುಸಿದಿತ್ತು. ಗುಡ್ಡ ಜರಿದ ಕಡೆ ಚಹಾ ತೋಟದ ಹಸಿರಿನ ನಡುವೆ ಕೆಂಪು ಗಾಯಗಳು. ಹನ್ನೆರಡು ವರ್ಷ ಕಾದ ಊರಿಗೆ ಹೂವಿನ ವರ್ಷದಲ್ಲೇ ಇಂಥದ್ದು ಬಂತು. ಬರಬೇಕಿದ್ದ ಜನ ಬಂದಿರಲಿಲ್ಲ.

ಎರವಿಕುಲಂ ರಾಷ್ಟ್ರೀಯ ಉದ್ಯಾನ, 97 ಚದರ ಕಿಲೋಮೀಟರ್. 2695 ಮೀಟರ್ ಎತ್ತರದ ಆನೆಮುಡಿ ಇಲ್ಲಿದೆ, ನೀಲಗಿರಿ ತಾರ್ ಎಂಬ ಕಾಡುಮೇಕೆಗಳ ಅತಿ ದೊಡ್ಡ ನೆಲೆಯೂ ಇದೇ. ಅರಣ್ಯ ಇಲಾಖೆಯ ಬಸ್ಸು ರಾಜಮಲೆಯ ತಿರುವುಗಳನ್ನು ಏರಿತು. ಇಳಿದು ನಾಲ್ಕು ಹೆಜ್ಜೆ ನಡೆದೆ. ಮೋಡ ಎದುರಿನ ಇಳಿಜಾರನ್ನು ಮುಚ್ಚಿತ್ತು. ಗಾಳಿ ಬೀಸಿ ಅದು ಕೆಳಗಿನಿಂದ ಮೇಲಕ್ಕೆ ಎತ್ತಿಕೊಂಡಿತು. ಮೊದಲು ಹುಲ್ಲು, ಆಮೇಲೆ ಬಂಡೆ, ಆಮೇಲೆ ನೀಲಿ. ನೀಲಿ ಮುಗಿಯಲಿಲ್ಲ. ಮೋಡ ಏರಿದಷ್ಟೂ ಅದೂ ಏರುತ್ತ ಹೋಯಿತು. ಒಂದು ಗುಡ್ಡ ಮುಗಿಯಿತು ಎನ್ನುವಾಗ ಅದರ ಹಿಂದಿನ ಗುಡ್ಡ ಅದೇ ಬಣ್ಣದಲ್ಲಿ ಹೊರಬಂತು. ಬಂಡೆಯ ಸಂದಿನಲ್ಲೂ ಹೂವು, ಮಳೆಗೆ ಜರಿದು ಉಳಿದ ಅಂಚಿನಲ್ಲೂ ಹೂವು. ಒಂದು ತಾರ್ ತನ್ನ ಮರಿಯೊಂದಿಗೆ ಹೊಟ್ಟೆಯವರೆಗೆ ಹೂವಿನಲ್ಲಿ ಮುಳುಗಿ, ನಮ್ಮನ್ನು ನೋಡಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಜೇನಿನ ಮೊರೆತ ಒಂದು ಕಡೆಯಿಂದ ಬರುತ್ತಿರಲಿಲ್ಲ, ಬೆಟ್ಟವೇ ಮೊರೆಯುತ್ತಿತ್ತು. ನನ್ನ ಕಣ್ಣು ತುಂಬಿಬಂತು. ಬೆಟ್ಟ ಎನ್ನುವುದಕ್ಕೆ ಕುರಿಂಜಿ ಎಂದ ಆ ಹಳಬರಿಗೆ ಬೇರೆ ಹೆಸರು ಹೊಳೆಯುವುದು ಸಾಧ್ಯವೇ ಇರಲಿಲ್ಲ ಎಂದು ಅಲ್ಲಿ ನಿಂತಾಗ ಗೊತ್ತಾಯಿತು.

ದಾರಿಯ ಬದಿಯಲ್ಲಿ ಕೋಲು ಹಿಡಿದು ನಿಂತಿದ್ದ ವಾಚರ್ ಮುದುವಾನ್ ಜನದವರು. ಮದುರೆಯಿಂದ ದೇವಿಯ ಮೂರ್ತಿಯನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಿ ಬಂದವರು ತಾವು, ಮುದುಕು ಎಂದರೆ ಬೆನ್ನು, ಅದಕ್ಕೇ ಆ ಹೆಸರು ಎಂಬುದು ಅವರ ಜನದ ಕಥೆ. ಹೂವು ಕೀಳಲು ಕೈ ಚಾಚಿದ ಹುಡುಗನೊಬ್ಬನನ್ನು ಅವರು ಗದರಲಿಲ್ಲ, ಹತ್ತಿರ ಹೋಗಿ ಕೈಯನ್ನು ಮೆಲ್ಲಗೆ ಹಿಡಿದುಕೊಂಡರು, ಅಷ್ಟೆ. ನಾನು ಮಾತಿಗೆಳೆದೆ.

“ಅಣ್ಣಾ, ನಿಮಗೆ ಇದು ಎಷ್ಟನೆಯ ಕುರಿಂಜಿ?”

“ಹುಟ್ಟಿದ ವರ್ಷದ್ದು ಅಮ್ಮ ನೋಡಿದ್ದು ಸಾರ್. ಆಮೇಲೆ ನಾನು ನೋಡಿದ್ದು ನಾಲ್ಕು.”

ನಲವತ್ತೆಂಟು ಎಂದು ಮನಸ್ಸಿನಲ್ಲೇ ಕೂಡಿಕೊಂಡೆ. ಅವರು ಎದುರಿನ ಸಾಲಿನಾಚೆ ಕೈ ತೋರಿದರು. ಆ ಕಡೆ ವಟ್ಟವಡ, ಕೊಟ್ಟಕಂಬೂರು. ಹಿಂದಿನ ಹೂವಿನ ವರ್ಷ, 2006ರಲ್ಲಿ, ಅಲ್ಲಿನ 32 ಚದರ ಕಿಲೋಮೀಟರನ್ನು ಕುರಿಂಜಿಮಲ ಅಭಯಾರಣ್ಯವೆಂದು ಕೇರಳ ಸರ್ಕಾರ ಘೋಷಿಸಿತು. ಅದೇ ವರ್ಷ ಅಂಚೆ ಇಲಾಖೆ ಕುರಿಂಜಿಯ ಚಿತ್ರವಿರುವ ಅಂಚೆಚೀಟಿ ತಂದಿತು. ಹೂವಿನ ಹೆಸರಿನಲ್ಲಿ ಒಂದು ಅಭಯಾರಣ್ಯ! ಕೇಳಲು ಎಷ್ಟು ಚಂದ. ಆದರೆ ಹನ್ನೆರಡು ವರ್ಷ ಕಳೆದರೂ ಅಲ್ಲಿ ಯಾರ ಜಮೀನು ಎಲ್ಲಿಯವರೆಗೆ ಎಂಬ ತಕರಾರು ಮುಗಿದಿರಲಿಲ್ಲ, ನೀಲಗಿರಿ ತೋಪುಗಳು ಹಾಗೆಯೇ ನಿಂತಿದ್ದವು. ನನಗೆ ಇದು ಸಣ್ಣ ಸಂಗತಿ ಅನ್ನಿಸಲಿಲ್ಲ. ಹನ್ನೊಂದು ವರ್ಷ ಈ ಗಿಡ ಬರೀ ಪೊದೆ, ಗುದ್ದಲಿ ಹಾಕುವವನಿಗೆ ಅದು ಹೂವೆಂದು ಗೊತ್ತಾಗುವುದಾದರೂ ಹೇಗೆ? ಆ ಹನ್ನೊಂದು ವರ್ಷ ಅದನ್ನು ಕಾಯಬಲ್ಲದ್ದು ಅದರ ಹೆಸರು ಮಾತ್ರ, ಮತ್ತು ಆ ಹೆಸರನ್ನು ಬಲ್ಲ ಜನ.

“ಅಕ್ಟೋಬರಿಗೆ ಹೂವು ಮುಗಿಯುತ್ತೆ, ನಿಮಗೂ ಸ್ವಲ್ಪ ಬಿಡುವು ಅಲ್ಲವೇ?” ಎಂದೆ.

ಅವರು ತಲೆಯಾಡಿಸಿದರು. “ಬಿಡುವೆಲ್ಲಿ ಸಾರ್? ಕಾಯಿ ಒಣಗಿ ಒಡೆದು ಬೀಜ ಬೀಳಬೇಕು. ಗಿಡವೆಲ್ಲ ಒಣಗಿ ಕಡ್ಡಿಯಾಗುತ್ತೆ. ಜನವರಿ ಬಂದರೆ ಹುಲ್ಲೂ ಒಣಗುತ್ತೆ. ಒಂದು ಕಿಡಿ ಬಿದ್ದರೂ ಹೋಯ್ತು. ಬೆಂಕಿಗೆರೆ ಮಾಡಬೇಕು, ರಾತ್ರಿ ಕಾಯಬೇಕು. ಮಳೆ ಹಿಡಿದು ಮೊಳಕೆ ಕಾಣೋವರೆಗೆ ನಮ್ಮ ಹುಡುಗರಿಗೆ ನಿದ್ದೆ ಇಲ್ಲ.”

ಮೊಳಕೆ ಹೇಗಿರುತ್ತದೆ ಎಂದು ಕೇಳಿದೆ. ಕಿರುಬೆರಳಿನ ಉಗುರು ತೋರಿಸಿ, ಇಷ್ಟು ಎಂದರು. ಅಷ್ಟರಲ್ಲಿ ಮೇಲಿನ ತಿರುವಿನಲ್ಲಿ ಯಾರೋ ಕಟ್ಟೆ ದಾಟಿ ಹೂವಿನೊಳಗೆ ಇಳಿಯುತ್ತಿದ್ದರು. ವಾಚರ್ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಆ ಕಡೆ ಬೇಗ ಬೇಗ ಹೊರಟರು.